ಪ್ಲಾಸ್ಟರಿನ ಬಿಸಿ

"ಇಳಿಯೋ ಕೆಳಗೆ, ಬೋಳಿಮಗನೇ! ಇಳಿ ಅಂದ್ರೆ ಇಳಿ!"

ಕಂತ್ರಾಟುದಾರನ ಗಂಟಲು ಹೊಸ ಕಟ್ಟಡದ ಕಾರಿಡಾರಿನ ಆ ತುದಿ ಮುಟ್ಟಿ ವಾಪಸು ಬಂತು. ಸಾರುವೆಯ ಮೇಲೆ ಕತ್ತು ಹಿಂದಕ್ಕೆ ವಾಲಿಸಿಕೊಂಡು ಛಾವಣಿಯ ಅಂಚಿಗೆ ಪ್ಲಾಸ್ಟರು ಎಳೆಯುತ್ತಿದ್ದ ಮೇಸ್ತ್ರಿ ಕೈ ನಿಲ್ಲಿಸಲಿಲ್ಲ. ನಿಲ್ಲಿಸುವ ಹಾಗೂ ಇರಲಿಲ್ಲ. ಪಿಒಪಿ ಪುಡಿಯನ್ನು ಒಮ್ಮೆ ನೀರಿಗೆ ಬಿಟ್ಟ ಮೇಲೆ ಅದು ಯಾವ ಕಂತ್ರಾಟುದಾರನ ಮಾತನ್ನೂ ಕೇಳುವುದಿಲ್ಲ. ಕಲಸಿದ್ದನ್ನು ಮುಗಿಸದೆ ಇಳಿದರೆ ಬೋಗುಣಿಯಲ್ಲೇ ಕಲ್ಲಾಗಿ ಕೂರುತ್ತದೆ.

"ಇದೊಂದ್ ಕೈ ಮುಗಿಸ್ಬಿಡ್ತೀನಿ ಸಾರ್."

"ನಿನ್ ಕೈ ಸೇದೋಗ! ಯಾರ್ ಆಸ್ಪತ್ರೆಗೆ ಬಳೀತಿದೀಯ ಅನ್ನೋದಾದ್ರೂ ಗೊತ್ತೇನೋ?"

"ಗೊತ್ತು ಸಾರ್."

"ಗೊತ್ತಿದ್ದೂ ಬಂದ್ಯಾ? ಆ ಡಾಕ್ಟ್ರ ಮೇಲೆ ಕೇಸ್ ಹಾಕಿರೋ ಅಪ್ಪ ನೀನೇ ಅಂತ ನನ್ ಹತ್ರ ಯಾಕೋ ಬೊಗಳ್ಲಿಲ್ಲ?"

"ನೀವ್ ಕೇಳ್ಲಿಲ್ಲ. ಕೆಲ್ಸ ಇದೆ ಬಾ ಅಂದ್ರಿ, ಬಂದೆ."

ಕಂತ್ರಾಟುದಾರ ಸಾರುವೆಯ ಕಂಬವನ್ನು ಕಾಲಿನಿಂದ ಒದ್ದ. ಹಲಗೆ ಅಲುಗಿತು. ಮೇಸ್ತ್ರಿ ಗೋಡೆ ಹಿಡಿದುಕೊಂಡ. "ಅವ್ರು ಇವತ್ತು ಬಿಲ್ಡಿಂಗ್ ನೋಡೋಕ್ ಬಂದಿದ್ರು. ನಿನ್ನ ನೋಡಿದ್ರು. 'ಏನ್ರೀ, ನನ್ನ ಕೋರ್ಟಿಗೆ ಎಳೆದಿರೋನ್ಗೆ ನನ್ನ ದುಡ್ಡಲ್ಲೇ ಕೂಲಿ ಕೊಡ್ತಿದೀರಾ' ಅಂದ್ರು. ನಗ್ತಾ ಅಂದ್ರು ಕಣೋ. ಬೈದಿದ್ರೆ ಕಾಲ್ ಹಿಡ್ಕೊಂಡು ಸರಿಮಾಡ್ಕೊತಿದ್ದೆ. ನಕ್ಕೋರ ಕಾಲ್ ಹೆಂಗ್ ಹಿಡಿಯೋದು?"

ಕಾರಿಡಾರಿನಲ್ಲಿದ್ದ ಉಳಿದ ಕೆಲಸಗಾರರು ತಮ್ಮ ತಮ್ಮ ಬೋಗುಣಿಯೊಳಗೆ ಮುಖ ಹಾಕಿದರು. ಏಣಿಯಿಲ್ಲದೆ ಬಾಗಿಲ ಚೌಕಟ್ಟಿನ ಮೇಲೆ ಬಳಿಯಬಲ್ಲವನೆಂದು ಎಲ್ಲರೂ ಒಂಟೆ ಎಂದು ಕರೆಯುತ್ತಿದ್ದವನು ಮಾತ್ರ ಒಮ್ಮೆ ತಲೆಯೆತ್ತಿ ನೋಡಿ, ಅಷ್ಟೆತ್ತರದ ದೇಹವನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯದೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ನಿನ್ನೆಯವರೆಗೆ ಇವರೆಲ್ಲ ಒಂದೇ ಡಬ್ಬಿಗೆ ಕೈಹಾಕಿ ತಿಂದವರು.

"ನಾಳೆ ಕೋರ್ಟಂತಲ್ಲ? ಹೋಗು. ಹೋಗಿ, ತಪ್ಪಾಯ್ತು, ಕೇಸು ಬೇಡ ಅಂತ ಹೇಳ್ಬಾ. ಇಲ್ದಿದ್ರೆ ಈ ಊರಲ್ಲಿ ನಾಯಿಗೂಡಿನ ಗೋಡೆಗೂ ನೀನು ಕರಣೆ ಮುಟ್ಟಿಸ್ದಂಗೆ ಮಾಡ್ತೀನಿ. ಮಗೀದು ಒಂದ್ ಕೈ ಹೋಯ್ತು ಅಂತ ಮನೆಮಂದಿಯೆಲ್ಲ ಉಪವಾಸ ಬೀಳ್ತೀರೇನೋ ಹುಚ್ಚುನನ್ಮಗನೇ?"

ಮೇಸ್ತ್ರಿ ಅಂಚನ್ನು ಪೂರ್ತಿ ಎಳೆದ. ಹಿಂದೆ ಸರಿದು ನೋಡಿದ. ಗೆರೆ ನೆಟ್ಟಗಿತ್ತು. ಆಮೇಲೆ ಇಳಿದು, ಕರಣೆಯನ್ನೂ ಬೋಗುಣಿಯನ್ನೂ ತೊಳೆಯದೆ ಅಲ್ಲೇ ಬಿಟ್ಟು, ಯಾರನ್ನೂ ನೋಡದೆ ನಡೆದ.

ಮೈಗೆಲ್ಲ ಬಿಳಿ ಮೆತ್ತಿಕೊಂಡು ನಡುಹಗಲಲ್ಲಿ ಬೀದಿಯಲ್ಲಿ ನಡೆಯುವ ಗಂಡಸಿಗೆ ಜನ ದಾರಿ ಬಿಡುತ್ತಾರೆ. ಮರ್ಯಾದೆಗಲ್ಲ, ಬಟ್ಟೆಗೆ ತಾಗೀತೆಂದು. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಇತ್ತು.

ಅವನು ಆಸ್ಪತ್ರೆಯ ಸೂರಿಗೆ ಬಳಿಯಲು ಒಪ್ಪಿದ್ದೇಕೆ? ಹೊಟ್ಟೆಪಾಡು ಎಂದರೆ ಅರ್ಧ ನಿಜ. ಇನ್ನರ್ಧ ಏನೆಂದರೆ, ಆ ಕಟ್ಟಡದ ಹತ್ತಿರ ಇದ್ದರೆ ಆ ಸಂಜೆಯನ್ನು ಹೇಗಾದರೂ ಹಿಂದಕ್ಕೆ ತಿರುಗಿಸಬಹುದೇನೋ ಎಂಬ ಹುಚ್ಚು. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಮಗಳು ಚಿನ್ನಿ ಶಾಲೆಯ ಕಟ್ಟೆಯಿಂದ ಬಿದ್ದು ಬಲಮೊಣಕೈಯ ಮೇಲಿನ ಮೂಳೆ ಮುರಿದುಕೊಂಡಳು. ಮಕ್ಕಳ ಮೂಳೆಗೆ ಇಡೀ ಊರಿಗೇ ದೊಡ್ಡ ಡಾಕ್ಟರು ಇವರೇ ಅಂದರು. ಡಾಕ್ಟರು ಆಪರೇಷನ್ ಮಾಡಿ, ಮೂಳೆಗೆ ತಂತಿ ತೂರಿಸಿ, ತೋಳಿನಿಂದ ಬೆರಳ ಬುಡದವರೆಗೆ ಸುತ್ತಲೂ ಪ್ಲಾಸ್ಟರು ಹಾಕಿ ವಾರ್ಡಿಗೆ ಕಳಿಸಿದರು. ಮಗಳನ್ನು ಥಿಯೇಟರಿನಿಂದ ಹೊರಗೆ ತಂದಾಗ ಮೇಸ್ತ್ರಿ ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಪ್ಲಾಸ್ಟರನ್ನು. ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ. ಒಂದು ಗುಳ್ಳೆಯಿಲ್ಲ, ಒಂದು ಉಬ್ಬಿಲ್ಲ, ಅಂಚು ದಾರ ಹಿಡಿದಂತಿತ್ತು. ಎದುರಿಗೆ ಬಂದ ಡಾಕ್ಟರಿಗೆ ಕೈಮುಗಿದು, "ಫಿನಿಶಿಂಗ್ ಬಹಳ ಚೆನ್ನಾಗಿದೆ ಸಾರ್" ಎಂದ. ಡಾಕ್ಟರು ಫೋನಿನಲ್ಲಿ ಮಾತನಾಡುತ್ತ ದಾಟಿಹೋದರು. ಆದರೂ ಮೇಸ್ತ್ರಿಗೆ ಬೇಸರವಾಗಲಿಲ್ಲ. ಒಂದೇ ಕಸುಬಿನವರು ಎಂಬ ಸಲುಗೆ ಅವನಿಗೆ ಆಗಲೇ ಬಂದುಬಿಟ್ಟಿತ್ತು.

ಸಂಜೆಯ ಹೊತ್ತಿಗೆ ಚಿನ್ನಿ ಅಳತೊಡಗಿದಳು. "ಅಪ್ಪಾ, ಒಳಗೆ ಸುಡ್ತಿದೆ."

"ಪ್ಲಾಸ್ಟರ್ ಅಂದ್ರೆ ಹಂಗೇ ಕಣಮ್ಮ. ಸೆಟ್ ಆಗೋವಾಗ ಬಿಸಿ ಬರುತ್ತೆ. ಆಮೇಲೆ ತಣ್ಣಗಾಗುತ್ತೆ. ನಿಮ್ಮಪ್ಪ ದಿನಾ ಇದ್ರಲ್ಲೇ ಮುಳುಗೇಳ್ತಾನೆ, ನಂಗ್ ಗೊತ್ತಿಲ್ವಾ?"

"ತುಂಬಾ ಸುಡ್ತಿದೆ ಅಪ್ಪಾ."

"ದಪ್ಪ ಹಾಕಿದಾರೆ, ಅದಕ್ಕೆ. ದಪ್ಪ ಇದ್ದಷ್ಟೂ ನಿಧಾನ ಆರೋದು."

ಅವನ ಹೆಂಡತಿ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವವಳು. ಅವಳಿಗೆ ಪ್ಲಾಸ್ಟರಿನ ಬಗ್ಗೆ ಏನೂ ತಿಳಿಯದು, ಮಗಳ ಅಳು ಮಾತ್ರ ತಿಳಿಯುತ್ತಿತ್ತು. ಎದ್ದು ನರ್ಸಿನ ಹತ್ತಿರ ಹೋದಳು. "ಆಪರೇಷನ್ ಆದ್ಮೇಲೆ ನೋಯದೆ ಇನ್ನೇನು ಕಚಗುಳಿ ಆಗುತ್ತಾ? ಹೋಗಮ್ಮ, ಮಗೂನ ಸುಮ್ನಿರಿಸು, ಬೇರೆ ಪೇಷೆಂಟ್‌ಗಳು ಮಲಗ್ಬೇಕು" ಅಂದಳು ನರ್ಸು. ಮತ್ತೆ ಹೋದಳು. ಈ ಸಲ ನರ್ಸು ತಲೆ ಎತ್ತಲೂ ಇಲ್ಲ. ವಾಪಸು ಬಂದು ಗಂಡನಿಗೆ ಹೇಳಿದಳು: "ನೀನ್ ಹೋಗಿ ಕೇಳು. ಗಂಡಸಿನ್ ಗಂಟಲಿಗೆ ಎದ್ದು ಬರ್ತಾರೆ."

"ಸುಮ್ನೆ ಯಾಕೆ ರಂಪ ಮಾಡ್ತೀಯ? ನನ್ ಕಸುಬು ನಂಗೆ ಹೇಳ್ಕೊಡ್ತೀಯಾ? ಬೆಳಗ್ಗೆ ಹೊತ್ಗೆ ಆರುತ್ತೆ."

ಬೆಳಗಿನ ಹೊತ್ತಿಗೆ ಚಿನ್ನಿಯ ಅಳು ನಿಂತಿತ್ತು. ನೋಡಿದ್ಯಾ, ಎಂದ ಮೇಸ್ತ್ರಿ. ಮಧ್ಯಾಹ್ನ ಡಾಕ್ಟರು ಬಂದರು. ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ ನೀಲಿ ಬೆರಳುಗಳನ್ನು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಕತ್ತರಿಸುವ ಮಿಷನ್ ತರಿಸಿದರು. ಒಳಗಿನ ಕೈ ಕಂಡಾಗ ಅವರು ಮೊದಲ ಸಲ ತಾಯಿ ತಂದೆಯ ಮುಖ ನೋಡಿ ಮಾತನಾಡಿದರು.

"ಮೊದ್ಲೇ ಯಾಕ್ರೀ ಹೇಳ್ಲಿಲ್ಲ?"

ಅಂದಿನಿಂದ ಆ ಕೈಯ ಬೆರಳುಗಳು ಒಳಕ್ಕೆ ಮಡಚಿಕೊಂಡೇ ಇವೆ. ಇನ್ನೆರಡು ಆಪರೇಷನ್ ಆಗಬೇಕು, ಅದೂ ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ. ಕೇಸು ಗೆದ್ದರೆ ಮಾತ್ರ ಆದೀತು. ಗೆಲ್ಲದಿದ್ದರೆ ಮಗಳ ಬಲಗೈ ಇಷ್ಟೇ.

ಅಂದಿನಿಂದ ಹೆಂಡತಿ ಅವನೊಂದಿಗೆ ಮಾತು ಬಿಟ್ಟಿದ್ದಾಳೆ. ಜಗಳವಿಲ್ಲ, ತವರಿಗೆ ಹೋದದ್ದಿಲ್ಲ, ಬಡಿಸುವುದನ್ನು ಬಿಟ್ಟದ್ದೂ ಇಲ್ಲ. "ಚಿನ್ನೀ, ನಿಮ್ಮಪ್ಪಂಗೆ ಊಟಕ್ಕೆ ಬರೋಕ್ ಹೇಳು." "ಚಿನ್ನೀ, ಸೀಮೆಎಣ್ಣೆ ಮುಗಿದಿದೆ ಅಂತ ನಿಮ್ಮಪ್ಪಂಗೆ ಹೇಳು." ಒಂದೇ ಕೋಣೆಯ ಮನೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತವಳ ಮಾತು ಮಗಳ ಬಾಯಿಯಿಂದ ಬಳಸಿಕೊಂಡು ಬರಬೇಕು. ಮಗಳು ಮಲಗಿಬಿಟ್ಟರೆ ಆ ಮನೆಯಲ್ಲಿ ಮಾತೇ ಇಲ್ಲ.

ಅದನ್ನಾದರೂ ಅವನು ಸಹಿಸಿಯಾನು. ಸಹಿಸಲಾಗದ್ದು ಮಗಳದು. ಚಿನ್ನಿ ಅಂದಿನಿಂದ ನೋವು ಎನ್ನುವುದನ್ನೇ ಬಿಟ್ಟಿದ್ದಳು. ಜ್ವರ ಬಂದರೆ ಮೈ ಮುಟ್ಟಿದ ಮೇಲೆ ತಿಳಿಯುತ್ತಿತ್ತು. ಕಾಲಿಗೆ ಗಾಜು ಹೊಕ್ಕಾಗ ನೆಲದ ಮೇಲಿನ ರಕ್ತ ನೋಡಿ ಗೊತ್ತಾಯಿತು. "ಯಾಕೇ ಹೇಳ್ಲಿಲ್ಲ?" ಎಂದು ಮೇಸ್ತ್ರಿ ಕೇಳಿದರೆ, "ಆಮೇಲೆ ಸರಿಹೋಗುತ್ತೆ ಅಪ್ಪಾ" ಅನ್ನುತ್ತಿದ್ದಳು, ಅವನಿಗೇ ಸಮಾಧಾನ ಹೇಳುವಂತೆ. ಆಗೆಲ್ಲ ಅವನು ಎದ್ದು ಹೊರಗೆ ಹೋಗಿ ಬೀದಿಯಲ್ಲಿ ನಿಲ್ಲುತ್ತಿದ್ದ.

ಕೋರ್ಟಿನ ಕೋಣೆಯ ಸೂರು ತೇವಕ್ಕೆ ಉಬ್ಬಿ ನಿಂತಿತ್ತು. ಕಟಕಟೆ ಹತ್ತುವ ಮೊದಲು ಮೇಸ್ತ್ರಿ ಅದನ್ನೇ ನೋಡುತ್ತಿದ್ದ. ಉಚಿತ ನೆರವಿನ ವಕೀಲಮ್ಮ ಅವನ ತೋಳು ಅಲುಗಿಸಿದರು. ಅವರ ಕಂಕುಳಲ್ಲಿ ಬೇರೆ ಯಾರ್ಯಾರದೋ ಕೇಸುಗಳೂ ಇದ್ದವು.

"ನೋಡಿ, ಒಂದೇ ಮಾತು. ಸಂಜೆನೇ ನಾನೇ ಹೋಗಿ ನರ್ಸ್‌ಗೆ ಹೇಳ್ದೆ ಅನ್ನಿ. ಬೇರೇನೂ ಬೇಡ. ನಿಮ್ಮ ಹೆಂಡ್ತಿ ಬಂದೇ ಇಲ್ಲ ಅಂತಾಳೆ ಆ ನರ್ಸು. ಗಂಡ ಹೆಂಡ್ತಿ ಇಬ್ರೂ ಹೋಗಿದ್ರು ಅಂದ್ರೆ ತೂಕ ಬರುತ್ತೆ."

ಮೊದಲು ಡಾಕ್ಟರು ಹೇಳಿಕೆ ಕೊಟ್ಟರು. ಅವರಿಗೆ ಕುರ್ಚಿ ಹಾಕಿಸಿದ್ದರು. "ಆಪರೇಷನ್ ಆದ್ಮೇಲೆ ಊತ ಬರೋದು ಸಹಜ. ನಾನ್ ಹಾಕಿದ್ದ ಬಿಗಿ ಮಾಮೂಲಿ ಬಿಗಿ. ಬೇಕಾದ್ರೆ ಅದೇ ಪ್ಲಾಸ್ಟರ್ ಹಾಕ್ಕೊಂಡು ನಾನೇ ಇಡೀ ದಿನ ಓಡಾಡ್ತೀನಿ, ಏನೂ ಆಗಲ್ಲ. ತೊಂದ್ರೆ ಆಗಿದ್ದು ಇವರು ಬಾಯಿ ಬಿಡದೆ ಕೂತಿದ್ದಕ್ಕೆ. ಹೇಳೋ ಹೊತ್ತಲ್ಲಿ ಹೇಳಲ್ಲ, ಆಮೇಲೆ ಇಲ್ಲಿಗ್ ಬರ್ತಾರೆ. ಇಂಥ ಜನರ ಜೊತೆ ಇದೇ ಕಷ್ಟ."

ಆಮೇಲೆ ಆಸ್ಪತ್ರೆ ಕಡೆಯ ವಕೀಲ ಮೇಸ್ತ್ರಿಯ ಎದುರು ಬಂದು ನಿಂತ. ಬಹಳ ಮರ್ಯಾದಸ್ಥ.

"ತಾವು ಏನು ಕೆಲಸ ಮಾಡ್ತೀರಿ?"

"ಪಿಒಪಿ ಕೆಲ್ಸ ಸ್ವಾಮಿ."

"ಅಂದ್ರೆ ಪ್ಲಾಸ್ಟರ್ ವಿಷಯದಲ್ಲಿ ಪಂಡಿತರು. ನಮ್ಮ ಡಾಕ್ಟರಿಗಿಂತ ಹೆಚ್ಚು ಪ್ಲಾಸ್ಟರ್ ಕಂಡವರು." ಹಿಂದಿನ ಬೆಂಚುಗಳಲ್ಲಿ ನಗು. ಬರೆದುಕೊಳ್ಳುತ್ತಿದ್ದ ಗುಮಾಸ್ತನೂ ಮೂಗಿನಲ್ಲಿ ನಕ್ಕ. "ಪಂಡಿತರೇ, ಮಗಳು ಸುಡ್ತಿದೆ ಅಂದಾಗ ತಾವೇನಂದ್ರಿ?"

ವಕೀಲಮ್ಮ ಕಣ್ಣಲ್ಲೇ ಬೇಡ ಎನ್ನುತ್ತಿದ್ದರು. ಬೆಂಚಿನ ತುದಿಯಲ್ಲಿ ಹೆಂಡತಿ ನೆಲ ನೋಡುತ್ತ ಕೂತಿದ್ದಳು. ಅವಳ ಪಕ್ಕದಲ್ಲಿ ಚಿನ್ನಿ, ಮಡಚಿದ ಕೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು, ಅಪ್ಪ ಏನು ಹೇಳುತ್ತಾನೋ ಎಂದು ನೆಟ್ಟ ನೋಟದಿಂದ ನೋಡುತ್ತಿದ್ದಳು. ಆ ಕಣ್ಣುಗಳ ಎದುರು ಅವನಿಗೆ ಸುಳ್ಳು ಹೊರಡಲಿಲ್ಲ.

"ಆರುತ್ತೆ ಅಂದೆ."

"ನರ್ಸನ್ನ ಕರೆದ್ರಾ?"

"ನನ್ ಹೆಂಡ್ತಿ ಹೋದ್ಲು. ಎರಡ್ ಸಲ ಹೋದ್ಲು."

"ನೀವು ಹೋದ್ರಾ ಅಂತ ಕೇಳ್ದೆ."

"ಇಲ್ಲ."

"ನೀವೇ ಅವರನ್ನ ತಡೆದಿರಿ, ಅಲ್ವಾ? ನನ್ನ ಕಸುಬು ನನಗೆ ಹೇಳ್ಕೊಡ್ತೀಯಾ ಅಂತ?"

ಇದು ಇವನಿಗೆ ಹೇಗೆ ಗೊತ್ತಾಯಿತು? ಪಕ್ಕದ ಹಾಸಿಗೆಯವರೋ, ನರ್ಸೋ, ಯಾರೋ ಕೇಳಿಸಿಕೊಂಡಿದ್ದಾರೆ. ಅಂದರೆ ಆ ಸಂಜೆ ಅವರಿಗೆಲ್ಲ ಎಲ್ಲವೂ ಕೇಳಿಸುತ್ತಿತ್ತು. ಮಗಳ ಅಳುವೂ ಕೇಳಿಸಿರಬೇಕು. ಮೇಸ್ತ್ರಿ ಅದನ್ನು ಹೇಳಲು ಬಾಯಿ ತೆರೆದ.

"ಸ್ವಾಮಿ, ನನ್ ಮಾತು ಕೇಳಿಸಿದ್ರೆ, ಮಗು ಅಳು..."

"ಹೌದು ಅಥವಾ ಇಲ್ಲ."

"ಹೌದು. ಅಂದೆ."

"ಅಷ್ಟೇ ಸಾಕು." ವಕೀಲ ನ್ಯಾಯಾಧೀಶರ ಕಡೆ ತಿರುಗಿ ತಲೆಬಾಗಿದ. ಕೇಸು ಮುಂದಕ್ಕೆ ಹೋಯಿತು. ವಕೀಲಮ್ಮ ಕಡತ ಕಟ್ಟುತ್ತ, "ನಿಮ್ಮ ಕೈಯಾರೆ ಕೆಡಿಸ್ಕೊಂಡ್ರಿ" ಎಂದವರೇ ಮುಂದಿನ ಕೋಣೆಗೆ ಓಡಿದರು.

ಹೊರಗೆ ಮೆಟ್ಟಿಲ ಮೇಲೆ ಹೆಂಡತಿ ನಿಂತಿದ್ದಳು. ಚಿನ್ನಿಯನ್ನು ನಲ್ಲಿಯ ಹತ್ತಿರ ನೀರು ಕುಡಿಯಲು ಕಳಿಸಿದ್ದಳು. ನಡುವೆ ಮಗಳಿಲ್ಲದೆ, ಬಹಳ ಕಾಲದ ಮೇಲೆ, ನೇರವಾಗಿ ಅವನಿಗೇ ಹೇಳಿದಳು.

"ಸುಳ್ಳಾದ್ರೂ ಹೇಳ್ಬೇಕಿತ್ತು ನೀನು. ಅವತ್ತು ಕೂಗ್ಲಿಲ್ಲ. ಇವತ್ತಾದ್ರೂ ಅವಳಿಗೋಸ್ಕರ ಒಂದ್ ಸುಳ್ಳು ಹೇಳ್ಬೋದಿತ್ತು."

ಅಷ್ಟು ಹೇಳಿ ಮಗಳ ಕೈ ಹಿಡಿದುಕೊಂಡು ಬಸ್ಸಿಗೆ ಹೋದಳು. ಮೇಸ್ತ್ರಿ ಅವರ ಹಿಂದೆ ಹೋಗಲಿಲ್ಲ. ಬಂದದ್ದು ಒಂದು ಮಾತು, ಅದೂ ಇಂಥದ್ದು. ಆದರೂ ಅದನ್ನೇ ಮತ್ತೆ ಮತ್ತೆ ನೆನೆಯುತ್ತ ಕತ್ತಲಾಗುವವರೆಗೆ ಆ ಮೆಟ್ಟಿಲ ಮೇಲೇ ಕೂತಿದ್ದ. ಕಾವಲಿನವನು ಬಂದು ಎಬ್ಬಿಸಿದ.

ಮರುದಿನ ಬೆಳಗ್ಗೆ ಅವನು ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಹೋಗಿ ತನ್ನ ಬೋಗುಣಿ ಎತ್ತಿಕೊಂಡ. ಒಡೆದ ಚೀಲದಿಂದ ಒಂದಷ್ಟು ಪುಡಿ ತುಂಬಿಕೊಂಡ. ಸಾರುವೆಗೆ ಕಟ್ಟಿದ್ದ ಹಳೆಯ ಬಟ್ಟೆಯನ್ನು ಬಿಚ್ಚಿ ಉದ್ದುದ್ದ ಪಟ್ಟಿಯಾಗಿ ಹರಿದ. ಒಂಟೆ ನೋಡಿ, "ಏನಣ್ಣಾ?" ಎಂದ. ಮೇಸ್ತ್ರಿ ಹಳೆಯ ಕಟ್ಟಡಕ್ಕೆ, ಮಕ್ಕಳ ಮೂಳೆ ವಿಭಾಗಕ್ಕೆ ನಡೆದ. ದೊಡ್ಡ ಡಾಕ್ಟರ ಬಾಗಿಲ ಎದುರಿನ ಗೋಡೆಗೆ ಒರಗಿ ನೆಲದ ಮೇಲೆ ಕೂತ.

ಹಾಲಿನ ತುಂಬ ಮಕ್ಕಳು, ತಾಯಂದಿರು. ಮೈಗೆ ಬಿಳಿ ಮೆತ್ತಿಕೊಂಡ ಕೂಲಿಯವನು ಬೋಗುಣಿಗೆ ನೀರು ಹೊಯ್ದು ಪುಡಿ ಉದುರಿಸುವುದನ್ನು ಕಂಡು, ಗೋಡೆ ರಿಪೇರಿ ಇರಬೇಕೆಂದು ಕಾಲು ಮಡಚಿ ಜಾಗ ಬಿಟ್ಟರು. ಅವನು ಪಟ್ಟಿಗಳನ್ನು ಅದ್ದಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತನ್ನ ಬಲಗೈಗೆ ಮೊಣಕೈ ಮೇಲಿನಿಂದ ಬೆರಳ ಬುಡದವರೆಗೆ ಸುತ್ತತೊಡಗಿದ. ಸುತ್ತು ಸುತ್ತಿಗೂ ಎಳೆದು ಬಿಗಿ ಮಾಡಿದ. ಅದರ ಮೇಲೆ ಎಡಗೈಯಿಂದ ಪ್ಲಾಸ್ಟರು ಬಳಿದ. ಎಡಗೈ ಕೆಲಸ ಅಷ್ಟೇನೂ ಚೆನ್ನಾಗಿ ಬರಲಿಲ್ಲ, ಉಬ್ಬುತಗ್ಗು ಉಳಿಯಿತು.

"ಏಯ್, ಏನೋ ಗಲೀಜ್ ಮಾಡ್ತಿದೀಯ ಇಲ್ಲಿ? ಏಳೋ!" ಕಾವಲಿನವನು ಓಡಿಬಂದ.

"ಡಾಕ್ಟ್ರನ್ನ ನೋಡ್ಬೇಕು."

"ಇದು ಮಕ್ಳ ವಿಭಾಗ ಕಣಯ್ಯಾ."

"ಗೊತ್ತು. ನನ್ ಮಗಳದೇ ಕೈ ಇದು."

ಕಾವಲಿನವನು ಹುಚ್ಚನೆಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

ಬಿಸಿ ಬಂತು. ಅವನಿಗೆ ಪರಿಚಯದ ಬಿಸಿ. ಏರಿತು, ನಿಂತಿತು, ಇಳಿಯಿತು. ತಾಯಂದಿರ ಸಾಲು ಇನ್ನೂ ಅಷ್ಟಾಗಿ ಮುಂದೆ ಸರಿದಿರಲಿಲ್ಲ, ಅಷ್ಟರೊಳಗೆ ಪ್ಲಾಸ್ಟರು ತಣ್ಣಗಾಗಿ ಕಲ್ಲಾಗಿತ್ತು. ಸುಡುವುದು ಶುರುವಾದದ್ದು ಆಮೇಲೆ. ಹೊರಗೆ ಮುಟ್ಟಿದರೆ ತಣ್ಣಗೆ, ಒಳಗೆ ಬೆಂಕಿ. ಬೆರಳುಗಳು ತುಂಬಿಕೊಂಡು ಬಿರಿಯುವ ಹಾಗಾದವು. ಮೇಸ್ತ್ರಿಗೆ ಆಗ ತಿಳಿಯಿತು. ಮಗಳಿಗೆ ಪ್ಲಾಸ್ಟರು ಹಾಕಿದ್ದು ಮಧ್ಯಾಹ್ನ. ಅವಳು ಸುಡುತ್ತಿದೆ ಅಂದದ್ದು ಸಂಜೆ. ಅಷ್ಟು ಹೊತ್ತು ಯಾವ ಪ್ಲಾಸ್ಟರೂ ಬಿಸಿ ಇರುವುದಿಲ್ಲ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನಿಗೂ ಗೊತ್ತಿರುವ ಮಾತು. ಆ ಸಂಜೆ ಅವನು ಒಂದು ಸಲ ಕೈಯಿಟ್ಟು ಮುಟ್ಟಿ ನೋಡಿದ್ದರೆ ಸಾಕಿತ್ತು. ಮುಟ್ಟಿರಲಿಲ್ಲ. ಅಷ್ಟು ಚೆನ್ನಾಗಿ ಗೊತ್ತಿದೆ ಅಂದುಕೊಂಡಿದ್ದ. ಅವನು ಬಾಯಿ ಮುಚ್ಚಿಕೊಂಡು ಅತ್ತ. ಹಾಲಿನಲ್ಲಿ ಅಷ್ಟು ಜನರಿದ್ದರೂ ಯಾರೂ ಹತ್ತಿರ ಬರಲಿಲ್ಲ.

ಅದೇ ನರ್ಸು ದಾಟಿಹೋಗುತ್ತಿದ್ದವಳು ನಿಂತಳು. ಮೊದಲು ಅವನ ಬೆರಳು ನೋಡಿದಳು, ಆಮೇಲೆ ಮುಖ. ಗುರುತು ಸಿಕ್ಕಿತು.

"ಅಯ್ಯೋ ದೇವ್ರೇ, ಏನ್ ಮಾಡ್ಕೊಂಡಿದೀಯಪ್ಪಾ? ಬಾ, ಮಿಷನ್ ಇದೆ, ಕತ್ತರಿಸಿಬಿಡ್ತೀನಿ. ಬೆರಳು ನೀಲಿ ಆಗಿದೆ."

"ನೋಯದೆ ಇನ್ನೇನ್ ಕಚಗುಳಿ ಆಗುತ್ತಾ ಸಿಸ್ಟರ್?"

ಅವಳು ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡಳು.

"ಡಾಕ್ಟ್ರು ಬಂದು ಬಿಚ್ಲಿ. ಇಡೀ ದಿನ ಹಾಕ್ಕೊಂಡು ಓಡಾಡ್ತೀನಿ ಅಂದಿದಾರೆ ಕೋರ್ಟಲ್ಲಿ. ಅವ್ರಿಗ್ ಪುರುಸೊತ್ತಿಲ್ಲ, ಅವ್ರ ಬದ್ಲು ನಾನ್ ಹಾಕ್ಕೊಂಡಿದೀನಿ. ಬಂದು ನೋಡ್ಲಿ. ಏನೂ ಆಗಿಲ್ಲ ಅಂತ ಇಷ್ಟ್ ಜನರ ಮುಂದೆ ಹೇಳ್ಲಿ."

ನರ್ಸು ಒಳಗೆ ಹೋದಳು. ಹೊರಗೆ ಬಂದಾಗ ಅವನ ಕಡೆ ನೋಡದೆ, "ಡಾಕ್ಟ್ರು ಬ್ಯುಸಿ ಇದಾರಂತೆ" ಅಂದಳು. ಬಾಗಿಲು ಒಳಗಿನಿಂದ ಹಾಕಿಕೊಂಡ ಸದ್ದಾಯಿತು. ತಾಯಂದಿರಲ್ಲಿ ಪಿಸುಮಾತು ಎದ್ದಿತು. ಪ್ಲಾಸ್ಟರು ಹಾಕಿದ್ದ ಮಗುವೊಂದರ ತಾಯಿ ಮಗನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡತೊಡಗಿದಳು. ಅವಳನ್ನು ನೋಡಿ ಪಕ್ಕದವಳೂ ತನ್ನ ಮಗುವಿನ ಬೆರಳು ಹಿಡಿದಳು.

ಒಂಟೆ ಯಾವಾಗ ಕೆಲಸ ಬಿಟ್ಟು ಬಂದು ಇಣುಕಿ ನೋಡಿ ಓಡಿದನೋ, ಮೇಸ್ತ್ರಿಯ ಹೆಂಡತಿಯನ್ನೂ ಚಿನ್ನಿಯನ್ನೂ ಕರೆತಂದಿದ್ದ. ಹೆಂಡತಿ ಬಂದವಳೇ ಗಂಡನ ಎದುರು ಕುಸಿದಳು. "ಬಿಚ್ಚಿಸ್ಕೋ. ನಿನ್ ಕಾಲಿಗ್ ಬೀಳ್ತೀನಿ, ಬಿಚ್ಚಿಸ್ಕೋ. ದುಡಿಯೋ ಕೈ ಕಣೋ ಅದು." ಅವಳ ಎರಡೂ ಕೈ ಅವನ ಮುಖದ ಮೇಲಿದ್ದವು. ಅವನು ತಲೆ ಅಲ್ಲಾಡಿಸಿದ.

ಚಿನ್ನಿ ಬಗ್ಗಿ ಅಪ್ಪನ ಬೆರಳುಗಳನ್ನು ನೋಡಿದಳು. ಎಡಗೈಯಿಂದ ಮೆಲ್ಲಗೆ ಮುಟ್ಟಿದಳು.

"ಸುಡ್ತಿದೆಯಾ ಅಪ್ಪಾ?"

ಇಲ್ಲ ಎನ್ನಬೇಕೆಂದುಕೊಂಡ. "ಹೂಂ ಕಣೇ. ಸುಡ್ತಿದೆ" ಎಂದ.

ಆರುತ್ತೆ ಎಂದು ಅವಳು ಹೇಳಲಿಲ್ಲ. ಎದ್ದು ಎದುರಿನ ಬಾಗಿಲಿಗೆ ಹೋದಳು. ಮಡಚಿಕೊಂಡ ಬಲಗೈಯನ್ನು ಲಂಗದಿಂದ ಹೊರಗೆ ತೆಗೆದಳು. ಅದು ಹೇಗೂ ಮುಷ್ಟಿಯಾಗೇ ಇತ್ತು. ಅದರಿಂದಲೇ ಬಾಗಿಲು ಬಡಿಯತೊಡಗಿದಳು.

"ಬನ್ರೋ ಈಚೆಗೆ! ನಮ್ಮಪ್ಪಂಗೆ ನೋವಾಗ್ತಿದೆ! ಬನ್ರೋ!"

ಕಾವಲಿನವನು ಅವಳ ರೆಟ್ಟೆ ಹಿಡಿಯಲು ಕೈ ಚಾಚಿದ. ಒಂಟೆ ನಡುವೆ ಬಂದು ನಿಂತ. ಅವನು ಈ ಸಲ ಕುಕ್ಕರಗಾಲಲ್ಲಿ ಕೂರಲಿಲ್ಲ. ಹಾಲಿನ ಮಕ್ಕಳು ಒಬ್ಬೊಬ್ಬರಾಗಿ ಅಳಲು ಶುರುಮಾಡಿದರು, ಯಾವ ತಾಯಿಯೂ ಸುಮ್ಮನಿರಿಸಲಿಲ್ಲ. ಚಿನ್ನಿಯ ಗೆಣ್ಣು ಒಡೆದು ಬಾಗಿಲ ಬಿಳಿ ಬಣ್ಣದ ಮೇಲೆ ಕೆಂಪು ಹತ್ತುತ್ತಿತ್ತು. ಅವಳು ಬಡಿಯುತ್ತಲೇ ಇದ್ದಳು. ಒಳಗಿನಿಂದ ಇನ್ನೂ ಯಾರೂ ಚಿಲಕ ತೆಗೆದಿರಲಿಲ್ಲ.